ಹಿಂಬಾಗಿಲಿನ ಬೀಗ

ಮೂಡಿಗೆರೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಿನಗೆ ಸುರಕ್ಷತಾ ಅಧಿಕಾರಿಯ ಕೆಲಸ ಸಿಕ್ಕಿದ ದಿನ ನಿನ್ನ ದೊಡ್ಡಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೆ ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ಬಟ್ಟೆ ಕಳವಾಗುತ್ತದೆಂದು ಹೊಲಿಗೆ ವಿಭಾಗದ ಹಿಂಬಾಗಿಲಿಗೆ ಬೀಗ ಹಾಕಿರುತ್ತಾರೆ, ಕೀಲಿ ಕಾವಲಿನವರ ಹತ್ತಿರ ಇರುತ್ತದೆ, ಅದು ನನಗೆ ಸೇರಿದ್ದಲ್ಲ ಎಂದೆ.

ಈ ಮಾತನ್ನು ನಾನೂ ಒಮ್ಮೆ ಆಡಿದ್ದೇನೆ. ನಾನು ತೋಟದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರಾಗಿದ್ದಾಗ, ಒಂದು ಫೆಬ್ರವರಿಯಲ್ಲಿ ಮೆಣಸು ಕುಯ್ಲು ನಡೆದಿತ್ತು. ಬಿದಿರಿನ ಏಣಿ ಹೋಗಿ ಅಲ್ಯೂಮಿನಿಯಂ ಏಣಿ ಬಂದಿದ್ದ ಹೊಸತು. ಹಗುರ, ಒಂದು ಮರದ ಕುಯ್ಲು ಮುಗಿದರೆ ಮಡಚದೆ, ನೆಟ್ಟಗೆ ನಿಲ್ಲಿಸಿಕೊಂಡೇ ಮುಂದಿನ ಸಿಲ್ವರ್ ಓಕ್‌ಗೆ ಒಯ್ಯುತ್ತಿದ್ದರು. ಆ ಸಾಲಿನ ಮೇಲೆಯೇ 11 ಕೆವಿ ವಿದ್ಯುತ್ ತಂತಿ ಹಾದುಹೋಗಿತ್ತು. ಅದನ್ನು ನಾನು ನೋಡಿದ್ದೆ. ಮೇಸ್ತ್ರಿ ನೋಡಿಕೊಳ್ಳುತ್ತಾನೆ ಎಂದುಕೊಂಡೆ. ರೈಟರು ವಿದ್ಯುತ್ ಕಚೇರಿಯಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಅನುಮತಿ, ತೆಗೆದುಕೊಂಡು ತಂತಿಯ ಕರೆಂಟ್ ನಿಲ್ಲಿಸಿದ್ದಾರೆ ಎಂದು ಮೇಸ್ತ್ರಿ ಎಂದುಕೊಂಡ. ಇಬ್ಬರಿಗೂ ಹೇಳಿದ್ದೇನಲ್ಲ ಎಂದು ಮಾಲೀಕರು ನಿಶ್ಚಿಂತೆಯಿಂದಿದ್ದರು. ಏಣಿಯ ತುದಿ ತಂತಿಗೆ ತಗುಲಿತು. ಏಣಿ ಹೊತ್ತಿದ್ದವನಿಗೆ ಇಪ್ಪತ್ತಾರು ವರ್ಷ. ಮೆಣಸಿನ ಚೀಲ ಅವನ ಸೊಂಟದಲ್ಲಿ ಕಟ್ಟಿದ ಹಾಗೆಯೇ ಇತ್ತು. ಮಸ್ಟರಿನಲ್ಲಿ ಆ ದಿನ ಅವನ ಹೆಸರಿನ ಮುಂದೆ ನಾನೇ ಬೆಳಿಗ್ಗೆ ಹಾಜರಿ ಹಾಕಿದ್ದೆ. ಎಚ್ಚರಿಕೆಯ ಫಲಕ ಶೆಡ್ಡಿನ ಗೋಡೆಯ ಮೇಲೆ ಚೆನ್ನಾಗಿಯೇ ಇತ್ತು, ಮಗಳೇ.

ಆದ್ದರಿಂದ ನಿಮ್ಮ ಕಾರ್ಖಾನೆಯ ಸುರಕ್ಷತಾ ನೀತಿಯನ್ನು ಚೌಕಟ್ಟು ಹಾಕಿ ಬಾಗಿಲಲ್ಲಿ ತೂಗುಹಾಕಿದ್ದಾರೆ ಎಂದು ನೀನು ಹೆಮ್ಮೆಯಿಂದ ಹೇಳಿದಾಗ ನಾನು ಸುಮ್ಮನಾದೆ. ಅದನ್ನು ಇಳಿಸಿ ಓದು. ಬೆಂಕಿ ನಂದಿಸುವ ಸಿಲಿಂಡರ್ ನೋಡಬೇಕಾದವರು ಯಾರು, ಇಸ್ತ್ರಿ ವಿಭಾಗದ ಬಾಯ್ಲರಿಗೆ ಯಾರು, ಹಿಂಬಾಗಿಲಿಗೆ ಯಾರು? ಒಂದೊಂದಕ್ಕೂ ಒಬ್ಬರ ಹೆಸರು, ಅವರು ರಜೆ ಹಾಕಿದರೆ ಇನ್ನೊಬ್ಬರ ಹೆಸರು ಬರೆದಿರಬೇಕು. ‘ಆಡಳಿತ ಮಂಡಳಿ’ ಎಂದು ಬರೆದಿದ್ದರೆ ಯಾರೂ ಇಲ್ಲವೆಂದೇ ತಿಳಿ.

ಬೀಗದ ವಿಷಯಕ್ಕೆ ಬರುತ್ತೇನೆ. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ನಿನಗಿಂತ ಚಿಕ್ಕ ಹೆಣ್ಣುಮಕ್ಕಳು. ಅಲ್ಲಿಯೂ ಕಳವಿನ ಭಯಕ್ಕೆ ಒಂದು ಬಾಗಿಲಿಗೆ ಬೀಗ ಹಾಕಿದ್ದರು. ಒಳಗೆ ಜನ ಇರುವಷ್ಟು ಹೊತ್ತು ಹೊರಹೋಗುವ ಬಾಗಿಲಿಗೆ ಬೀಗ ಕೂಡದು ಎಂಬುದು ನಮ್ಮಲ್ಲಿಯೂ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಇರುವ ಮಾತು. ಡಿಪ್ಲೊಮಾ ಮಾಡಿದವಳು, ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಕಳವು ತಡೆಯಬೇಕೆಂದರೆ ಬಾಗಿಲ ಬಳಿ ಒಬ್ಬರನ್ನು ಕೂರಿಸಲಿ, ತೆರೆದರೆ ಕೂಗುವ ಗಂಟೆ ಹಾಕಲಿ.

ಕಾಯ್ದೆ ನಿನ್ನನ್ನು ಒಂಟಿಯಾಗಿ ಬಿಟ್ಟಿಲ್ಲ. ಕೆಲಸದ ಸ್ಥಳವನ್ನು ಅಪಾಯವಿಲ್ಲದಂತೆ ಇಡುವ ಮೂಲ ಹೊಣೆ ಮಾಲೀಕರದ್ದು. ನಿನ್ನ ನೇಮಕದಿಂದ ಅದು ಅವರ ಹೆಗಲಿನಿಂದ ಇಳಿಯುವುದಿಲ್ಲ. 2020ರ ಸುರಕ್ಷತಾ ಸಂಹಿತೆಯ ಪ್ರಕಾರ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಆಡಳಿತದವರಿಗಿಂತ ಕಡಿಮೆ ಇರಬಾರದು. ಪ್ರಾಣಕ್ಕೆ ಅಪಾಯ ಕಂಡ ಕಾರ್ಮಿಕರು ಮಾಲೀಕರಿಗೂ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರಿಗೂ ತಿಳಿಸಬಹುದು. ಇದನ್ನು ಹೊಲಿಗೆಯವರಿಗೆ ಊಟದ ಬಿಡುವಿನಲ್ಲಿ, ಅವರ ಮಾತಿನಲ್ಲಿ, ನೀನೇ ಕೂತು ಹೇಳು.

ಅವರ ಪಕ್ಕ ಕೂತಾಗ ನೀರಿನ ಬಾಟಲಿಗಳನ್ನೂ ನೋಡು. ಸಂಜೆಯಾದರೂ ತುಂಬಿಯೇ ಇದ್ದರೆ, ಶೌಚಾಲಯಕ್ಕೆ ಎದ್ದರೆ ಟಾರ್ಗೆಟ್ ತಪ್ಪುತ್ತದೆಂದು ಅವರು ನೀರು ಕುಡಿಯುತ್ತಿಲ್ಲ ಎಂದು ಅರ್ಥ. ನಮ್ಮ ಪಕ್ಕದ ಮನೆಯ ಹುಡುಗಿ ಹೀಗೆಯೇ ಎರಡು ವರ್ಷ ಉರಿಮೂತ್ರದಿಂದ ನರಳಿದಳು. ರಕ್ತ ಕಾಣದ ಇಂಥದ್ದು ಅಪಘಾತದ ಪುಸ್ತಕಕ್ಕೆ ಏರುವುದಿಲ್ಲ. ನೀನು ಏರಿಸು.

ಸೋಮವಾರ ಮ್ಯಾನೇಜರರಿಗೆ ಹಿಂಬಾಗಿಲಿನ ಬಗ್ಗೆ ಬರವಣಿಗೆಯಲ್ಲೇ ಕೊಡು, ಪ್ರತಿಗೆ ಸಹಿ ಹಾಕಿಸಿಕೋ. ಕೆಲಸಕ್ಕೆ ಕುತ್ತು ಬಂದರೆ ಈ ಮನೆ ಇದೆ, ದೊಡ್ಡಮ್ಮನ ಅಕ್ಕಿರೊಟ್ಟಿ ಇದೆ; ಆ ಹೆದರಿಕೆ ಬೇಡ. ಬೀಗ ತೆಗೆದ ದಿನ ಎಷ್ಟು ಹೊತ್ತಾದರೂ ಸರಿ, ನನಗೊಂದು ಫೋನ್ ಮಾಡು.

ಇಂತಿ ನಿನ್ನ
ದೊಡ್ಡಪ್ಪ