ಮೊಟ್ಟೆ ಸಿಕ್ಕಿಕೊಂಡರೆ ಬೆರಳು ಹಾಕಬೇಡಿ

ಮಾನ್ಯ ಸಂಪಾದಕರೇ,

ಹಿತ್ತಲ ಕೋಳಿ ಸಾಕಣೆ ಬಗ್ಗೆ ಬರುವ ಬರಹಗಳೆಲ್ಲ ಯಾವ ತಳಿ ಒಳ್ಳೆಯದು, ಗೂಡು ಎಷ್ಟಗಲ ಇರಬೇಕು ಅನ್ನುವಲ್ಲೇ ಮುಗಿದುಹೋಗುತ್ತವೆ. ಮೊಟ್ಟೆ ಇಡಲಾಗದೆ ಕೋಳಿ ಒದ್ದಾಡುವಾಗ ಏನು ಮಾಡಬೇಕು ಅಂತ ಯಾರೂ ಬರೆಯುವುದಿಲ್ಲ. ಆಗ ಸಿಗುವುದು ಒಂದೇ ಸಲಹೆ: ಎಣ್ಣೆ ಹಚ್ಚಿ, ಬೆರಳು ಹಾಕಿ ಎಳೆಯಿರಿ. ದಯವಿಟ್ಟು ಬೇಡ. ಒಳಗೇ ಮೊಟ್ಟೆ ಒಡೆದರೆ ಚಿಪ್ಪಿನ ಚೂರು ಅಂಡನಾಳವನ್ನು ಕೊಯ್ಯುತ್ತದೆ, ಸೋಂಕು ಆಗುತ್ತದೆ, ಬದುಕಬಹುದಾಗಿದ್ದ ಕೋಳಿ ಸಾಯುತ್ತದೆ.

ಮೊದಲು ನಿಜವಾಗಿಯೂ ಮೊಟ್ಟೆ ಸಿಕ್ಕಿಕೊಂಡಿದೆಯೇ ನೋಡಿ. ಗರಿ ಉದುರಿಸುವಾಗ, ಹಗಲು ಕಡಿಮೆಯಾದಾಗ ಕೋಳಿ ಮೊಟ್ಟೆ ನಿಲ್ಲಿಸುವುದು ಸಹಜ, ಅದಕ್ಕೆ ಔಷಧಿ ಬೇಕಿಲ್ಲ. ಕಾವಿಗೆ ಕೂತದ್ದು ಗರಿ ಉಬ್ಬಿಸಿ ಕುಕ್ಕಲು ಬರುತ್ತದೆ, ಆದರೆ ದಿನಕ್ಕೊಮ್ಮೆ ಎದ್ದು ಮೇಯ್ದು ದೊಡ್ಡ ಹಿಕ್ಕೆ ಹಾಕುತ್ತದೆ. ಮೊಟ್ಟೆ ಸಿಕ್ಕಿಕೊಂಡದ್ದು ಹಾಗಲ್ಲ. ಬಾಲ ಇಳಿಬಿಟ್ಟು, ಪೆಂಗ್ವಿನ್ ಥರ ನೆಟ್ಟಗೆ ನಿಂತು ತಿಣುಕುತ್ತದೆ, ಮೇವು ಮುಟ್ಟುವುದಿಲ್ಲ, ಹಿಕ್ಕೆ ನಿಂತುಹೋಗುತ್ತದೆ ಇಲ್ಲವೇ ಬರೀ ನೀರು ಬರುತ್ತದೆ.

ಇದು ಕಾದು ನೋಡುವ ಕಾಯಿಲೆ ಅಲ್ಲ. ಒಂದೆರಡು ದಿನ ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಲ್ಲಿ ಹೊಟ್ಟೆಯವರೆಗೆ ಮುಳುಗುವ ಹಾಗೆ 15-20 ನಿಮಿಷ ಕೂರಿಸಿ. ಚೆನ್ನಾಗಿ ಒರೆಸಿ, ಬೆಚ್ಚಗಿನ, ಕತ್ತಲೆಯ, ಗಲಾಟೆ ಇಲ್ಲದ ಜಾಗದಲ್ಲಿ ಬಿಡಿ. ಮೊಟ್ಟೆ ಹೊರಬರುವ ದ್ವಾರದಲ್ಲೇ ಕಾಣುತ್ತಿದ್ದರೆ ಸುತ್ತ ಜಾರುವ ಜೆಲ್ ಹಚ್ಚಬಹುದು, ಅಷ್ಟೇ. ಹೊಟ್ಟೆ ಹಿಸುಕಬೇಡಿ. ಬಾಯಿ ಬಿಡಿಸಿ ನೀರು ಸುರಿಯಲೂ ಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ನಿಜವಾದ ಮದ್ದು ಬಹಳ ಸಲ ಕ್ಯಾಲ್ಸಿಯಂ. ಒಂದು ಮೊಟ್ಟೆ ಒಳಗೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಹೋಗುವುದು ಚಿಪ್ಪಿಗೆ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಮೇವಲ್ಲಿ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುವಿಗೂ ಬೇಕಾದದ್ದು ಅದೇ. ಅದಕ್ಕೇ ಪಶುವೈದ್ಯರಿಗೆ ಫೋನ್ ಮಾಡಿ, ತೂಕ ಹೇಳಿ, ಎಷ್ಟು ಕೊಡಬೇಕು ಅಂತ ಕೇಳಿ ಕೊಡಿ. ಕೆಲವು ಗಂಟೆಗಳಲ್ಲಿ ಮೊಟ್ಟೆ ಬರದಿದ್ದರೆ ಕೋಳಿಯನ್ನೇ ತೆಗೆದುಕೊಂಡು ಹೋಗಿ. ಮನೆಯಲ್ಲಿ ಉಳಿದ ಯಾವುದೋ ಆ್ಯಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಹಾಕುವವರಿದ್ದಾರೆ. ಸಿಕ್ಕಿಕೊಂಡ ಮೊಟ್ಟೆ ಅದರಿಂದ ಹೇಗೆ ಹೊರಗೆ ಬರುತ್ತದೋ ನನಗಂತೂ ಅರ್ಥವಾಗಿಲ್ಲ.

ಹಿಂಭಾಗದಿಂದ ಕೆಂಪು ಮಾಂಸ ಹೊರಗೆ ಬಂದಿದ್ದರೆ ಆ ಕೋಳಿಯನ್ನು ಆ ಕ್ಷಣವೇ ಬೇರೆ ಮಾಡಿ. ಉಳಿದವು ಅದನ್ನು ಕುಕ್ಕಿ ಕುಕ್ಕಿ ಕೊಂದೇಬಿಡುತ್ತವೆ. ಒದ್ದೆ ಬಟ್ಟೆ ಮುಚ್ಚಿ, ವೈದ್ಯರ ಹತ್ತಿರ ಹೋಗಿ. ಹೊಟ್ಟೆ ನೀರು ತುಂಬಿ ಉಬ್ಬಿದ್ದರೂ ಬಿಸಿನೀರ ಸ್ನಾನದಿಂದ ಪ್ರಯೋಜನ ಇಲ್ಲ, ಅದು ಬೇರೆಯೇ ಕಾಯಿಲೆ.

ಇನ್ನು ಮೇವು. ಬರೀ ಕಾಳು, ಅಡುಗೆಮನೆಯಲ್ಲಿ ಮಿಕ್ಕಿದ್ದು ಹಾಕುತ್ತಿದ್ದರೆ ಕೋಳಿ ಕೊಬ್ಬುತ್ತದೆ, ಕೊಬ್ಬಿದ ಕೋಳಿಗೆ ಈ ತೊಂದರೆ ಜಾಸ್ತಿ. ಮೊಟ್ಟೆ ಇಡುವ ಕೋಳಿಯ ಮೇವಲ್ಲಿ ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರಬೇಕು. ಅದರ ಜೊತೆ ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದದ್ದು ಬೇಕಾದಷ್ಟು ತಿನ್ನುತ್ತದೆ. ಸಂಜೆ ಆ ಬಟ್ಟಲು ಖಾಲಿ ಇರಬಾರದು, ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ನಡೆಯುವುದು ರಾತ್ರಿ. ಕೋಳಿ ನುಂಗುವ ಮರಳು, ಸಣ್ಣ ಕಲ್ಲು ಇದಕ್ಕೆ ಬದಲಿ ಅಲ್ಲ, ಅದು ಕಾಳು ಅರೆಯಲಿಕ್ಕೆ. ಹಾಗಂತ ಮರಿಗಳಿಗೂ ಇದೇ ಮೇವು ಹಾಕಬೇಡಿ, ಮೂತ್ರಪಿಂಡ ಕೆಡುತ್ತದೆ.

ಒಮ್ಮೆ ಹೀಗಾದ ಕೋಳಿಗೆ ಮತ್ತೆ ಆಗುವ ಸಾಧ್ಯತೆ ಇದೆ. ಪದೇ ಪದೇ ಆಗುತ್ತಿದ್ದರೆ ಕೆಲವು ತಿಂಗಳು ಮೊಟ್ಟೆಯೇ ಇಡದಂತೆ ತಡೆಯುವ ಹಾರ್ಮೋನ್ ಚಿಕಿತ್ಸೆಯೂ ಇದೆ, ಅದರ ಬಗ್ಗೆ ಪಶುವೈದ್ಯರೊಬ್ಬರಿಂದ ನೀವು ಒಂದು ಲೇಖನ ಬರೆಸಿದರೆ ನಮ್ಮಂಥವರಿಗೆ ಉಪಕಾರವಾಗುತ್ತದೆ.

– ಕೋಳಿ ಸಾಕುವ ಓದುಗರೊಬ್ಬರು