ಶನಿವಾರದ ವಿಆರ್ ವ್ಯಾಯಾಮ: ಬರುವವರು ಓದಿ, ಉತ್ತರಿಸಿ

ಎಲ್ಲರಿಗೂ ನಮಸ್ಕಾರ.

ಪಾರ್ಶ್ವವಾಯುವಿನಿಂದ ಕೈ ಸೋತಿರುವವರಿಗೆ ಈ ಶನಿವಾರ ಬೆಳಿಗ್ಗೆ 10:30ಕ್ಕೆ ನಮ್ಮ ಫಿಸಿಯೋಥೆರಪಿ ಕೊಠಡಿಯಲ್ಲಿ ವರ್ಚುವಲ್ ರಿಯಾಲಿಟಿ (ವಿಆರ್) ವ್ಯಾಯಾಮವಿದೆ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಅದರಲ್ಲಿ ಕಾಣುವ ಆಟವನ್ನು ಕೈಯಾಡಿಸಿ ಆಡುವುದು. ಹೆಡ್‌ಸೆಟ್ ಇರುವುದು ಎರಡೇ. ಒಬ್ಬರಿಗೆ 20 ನಿಮಿಷ, ಒಟ್ಟು ಎಂಟು ಜನರಿಗೆ ಮಾತ್ರ ಅವಕಾಶ.

ಇದು ಮಾಯಾಮಂತ್ರವಲ್ಲ, ಮೊದಲೇ ಹೇಳಿಬಿಡುತ್ತೇನೆ. 72 ಅಧ್ಯಯನಗಳನ್ನು ಒರೆಗೆ ಹಚ್ಚಿದ 2017ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಸಂಸ್ಥೆ) ವಿಮರ್ಶೆಯ ಪ್ರಕಾರ, ಕೈಯ ಚಲನೆಗೆ ಇದು ಮಾಮೂಲಿ ಚಿಕಿತ್ಸೆಗಿಂತ ಮೇಲೇನಲ್ಲ. ಆದರೆ ಅದರ ಜೊತೆಗೆ ಸೇರಿಸಿ ಅಭ್ಯಾಸದ ಹೊತ್ತು ಹೆಚ್ಚಿಸಿದರೆ ಪ್ರಯೋಜನವಾಗಬಹುದು. ಹಾಗಾಗಿ ಮನೆಯ ವ್ಯಾಯಾಮ ಬಿಡಬೇಡಿ. ಟವೆಲ್ ಮಡಿಸಲು ಬೇಸರಪಡುವವರೂ ಆಟವೆಂದರೆ ಐವತ್ತು ಸಲ ಕೈ ಎತ್ತುತ್ತಾರೆ, ನನ್ನ ಆಸೆ ಅದೇ.

ಕಳೆದ ಬಾರಿ ಹಿರಿಯರೊಬ್ಬರು ಕಣ್ಣೆದುರು ತೇಲಿಬಂದ ಬಲೂನು ಒಡೆಯಲು ಎಡಗೈ ಚಾಚಿದವರು ಕುರ್ಚಿಯಿಂದ ಜಾರುವುದರಲ್ಲಿದ್ದರು. ಮಗಳು ಭುಜ ಹಿಡಿದಿದ್ದರಿಂದ ಉಳಿದರು, ಬಲೂನು ಮಾತ್ರ ಒಡೆದಿತ್ತು! ಆದ್ದರಿಂದ ಮನೆಯವರೊಬ್ಬರು ಜೊತೆಗಿರಲೇಬೇಕು, ಎಲ್ಲರೂ ಕುಳಿತೇ ಆಡಬೇಕು.

ಫಿಟ್ಸ್ ಬರುವವರು, ತಲೆಸುತ್ತು ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಹೆಸರು ಕೊಡಬೇಡಿ. ಲಘು ತಿಂಡಿ ತಿಂದು, ಬಿಪಿ ಮಾತ್ರೆ ತಪ್ಪಿಸದೆ, ಕನ್ನಡಕ ತೆಗೆದುಕೊಂಡು ಬನ್ನಿ. ಹೊಟ್ಟೆ ತೊಳಸಿದರೆ ತಕ್ಷಣ ಹೇಳಿ, ಸಂಕೋಚ ಬೇಡ.

ಹೆಸರು, ಸೋತಿರುವುದು ಯಾವ ಕೈ, ಜೊತೆಗೆ ಬರುವವರು ಯಾರು ಎಂಬಿಷ್ಟನ್ನು ಗುರುವಾರ ಸಂಜೆಯೊಳಗೆ ನನಗೆ ಖಾಸಗಿಯಾಗಿ ಕಳುಹಿಸಿ. ಬರಿಯ ಹೆಬ್ಬೆರಳಿನ ಚಿತ್ರ ಹಾಕಿದರೆ ಬರುತ್ತೀರೋ ಇಲ್ಲವೋ ತಿಳಿಯುವುದಿಲ್ಲ.