ದೊಡ್ಡ ಬೈಕಿಗೆ ಪ್ರತ್ಯೇಕ ಪರೀಕ್ಷೆ ಬೇಕು

ಮಾನ್ಯರೇ,

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ನಡೆದ ಅಪಘಾತಗಳನ್ನು ಮಂಡ್ಯದವರಾದ ನಾವು ಮರೆತಿಲ್ಲ. ಸಣ್ಣ ಬೈಕು, ಸ್ಕೂಟರುಗಳನ್ನು ಸರ್ವಿಸ್ ರಸ್ತೆಗೆ ಕಳುಹಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಆದರೆ ಲೈಸೆನ್ಸಿನ ನಿಯಮ ಹಾಗೆಯೇ ಉಳಿದಿದೆ. 18 ತುಂಬಿದವರು 100 ಸಿಸಿಯ ಬೈಕನ್ನು ಎಂಟರ ಆಕಾರದಲ್ಲಿ ಕಾಲೂರದೆ ಓಡಿಸಿ ತೋರಿಸಿದರೆ, ಗೇರ್ ಸಹಿತ ಮೋಟಾರ್‌ಸೈಕಲ್ಲಿಗೆಂದು ಸಿಗುವ ಅದೇ ಲೈಸೆನ್ಸಿನಲ್ಲಿ 1000 ಸಿಸಿಯ ಬೈಕನ್ನೂ ಏರಬಹುದು. ಬ್ರಿಟನ್ನಿನಲ್ಲಿ 17ಕ್ಕೆ 125 ಸಿಸಿ, 19ಕ್ಕೆ ಎಂಜಿನ್ ಶಕ್ತಿಯಲ್ಲಿ 35 ಕಿಲೋವ್ಯಾಟ್‌ವರೆಗಿನ ಬೈಕು. ಮಿತಿಯಿಲ್ಲದ ಬೈಕಿಗೆ 24 ಆಗಬೇಕು, ಇಲ್ಲವೇ ಈ 35 ಕಿಲೋವ್ಯಾಟ್ ಬೈಕಿನ ಲೈಸೆನ್ಸ್ ಪಡೆದು 2 ವರ್ಷ ಕಳೆದ ಮೇಲೆ ಮತ್ತೆ ಪರೀಕ್ಷೆ ಪಾಸಾಗಬೇಕು. ಕಲಿಯುತ್ತಿರುವ ಬೈಕ್ ಸವಾರರು ಅಲ್ಲಿ ಮೋಟಾರ್‌ವೇಗೆ ಹೋಗುವಂತೆಯೇ ಇಲ್ಲ. ಜಪಾನಿನಲ್ಲಾದರೋ 125 ಸಿಸಿ ಮೀರಿದ ಬೈಕುಗಳಿಗೆ ಎಕ್ಸ್‌ಪ್ರೆಸ್‌ವೇ ತೆರೆದಿದೆ.

ಮದ್ದೂರು, ಮಂಡ್ಯದ ಆಸುಪಾಸಿನ ಸರ್ವಿಸ್ ರಸ್ತೆಗಳಲ್ಲಿ ಕಬ್ಬಿನ ಗಾಡಿಗಳ, ಶಾಲಾ ಮಕ್ಕಳ ನಡುವೆಯೇ ಈ ಭಾರಿ ಬೈಕುಗಳು ನುಗ್ಗುವುದನ್ನು ಕಂಡಾಗ ಎದೆ ನಡುಗುತ್ತದೆ. ಕೇಂದ್ರ ಸರ್ಕಾರ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು, ಬೈಕಿನ ಶಕ್ತಿಗೆ ತಕ್ಕಂತೆ ಹಂತ ಹಂತದ ಲೈಸೆನ್ಸ್ ಜಾರಿಗೊಳಿಸಬೇಕು. ಕಠಿಣ ಪರೀಕ್ಷೆ ಗೆದ್ದವರಿಗೆ ಮುಖ್ಯ ಪಥ ತೆರೆಯುವ ವಿಚಾರ ಆಮೇಲೆ ಬರಲಿ.

– ಓರ್ವ ಓದುಗ, ಮಂಡ್ಯ